ಭಾವ ಅಳೆದ ಮೀನು

ನಮ್ಮ ಭಾವನ ಬಾಯಿಂದ 'ಸುಮಾರು' ಎಂಬ ಶಬ್ದ ಬಂದದ್ದನ್ನು ಕೇಳಿದವರು ಈ ಊರಿನಲ್ಲಿ ಯಾರೂ ಇಲ್ಲ. ಗಂಟೆ ಎಷ್ಟಾಯಿತೆಂದು ಕೇಳಿದರೆ ನಾವು ನೀವು ಬಾಯಿಗೆ ಬಂದಂತೆ 'ಹತ್ತೂವರೆ' ಅಂದುಬಿಡುತ್ತೇವೆ. ಭಾವ ಹಾಗಲ್ಲ. ಗಡಿಯಾರ ನೋಡುತ್ತಾರೆ, ಕೈ ಎತ್ತಿ ನಮ್ಮನ್ನು ತಡೆಯುತ್ತಾರೆ, ಮುಳ್ಳು ಹತ್ತೂವರೆಯ ಮೇಲೆ ಬಂದು ನಿಲ್ಲುವ ತನಕ ಕಾಯುತ್ತಾರೆ, ಆಮೇಲೆ "ಈಗ ಹತ್ತೂವರೆ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಕೇಳಿದವನ ಬಸ್ಸು ಹೋಗಿರುತ್ತದೆ. ಹೋಗಲಿ, ಗಂಟೆಯಂತೂ ಸರಿಯಾಗಿ ಗೊತ್ತಾಯಿತಲ್ಲ.

ಭಾವ ತೂಕ ಮತ್ತು ಅಳತೆ ಕಚೇರಿಯಲ್ಲಿ ಇನ್ಸ್‌ಪೆಕ್ಟರು. ಊರಿನ ಅಷ್ಟೂ ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಅಳೆಯುವ ಟೇಪು ಎಲ್ಲಕ್ಕೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ ಮುದ್ರೆ ಒತ್ತುವವರು ಅವರೇ. ಊರಿನವರು ಅವರಿಗೆ ಇಟ್ಟ ಹೆಸರು 'ಕರಾರುವಾಕ್ಕು'. ಇದು ಬೈಗುಳವೋ ಬಿರುದೋ ಎಂಬುದು ಹೇಳುವವನ ತಕ್ಕಡಿ ಹೇಗಿದೆ ಎನ್ನುವುದರ ಮೇಲೆ ನಿಂತಿತ್ತು. ಚಿನ್ನದಂಗಡಿಯ ಯಜಮಾನರು ಹೇಳಿದಾಗ ಅದು ಬೈಗುಳವೇ. ಹಿಂದಿನ ವರ್ಷ ಅವರ ತಕ್ಕಡಿ ಕೂದಲೆಳೆಯಷ್ಟು ಒಂದು ಕಡೆಗೆ ವಾಲುತ್ತದೆಂದು ಭಾವ ಅದಕ್ಕೆ ಬೀಗ ಹಾಕಿಸಿದ್ದರು. ಅದು ವಾಲುತ್ತಿದ್ದದ್ದು ಯಾವ ಕಡೆಗೆ ಎಂದು ನಾನು ಹೇಳಬೇಕಾಗಿಲ್ಲ.

ನಾನು ಬೋರ್ಡು ಬರೆಯುವವನು. ಅಕ್ಕನಿಗೆ ಒಬ್ಬನೇ ತಮ್ಮ, ಭಾವನಿಗೆ ಒಬ್ಬನೇ ಭಾವಮೈದುನ. ನನ್ನ ಕಸುಬಿನಲ್ಲಿ ಬೋರ್ಡಿನಲ್ಲಿ ಅಕ್ಷರಕ್ಕೆ ಜಾಗ ಸಾಲದಿದ್ದರೆ ಕೊನೆಯೆರಡನ್ನು ಇಕ್ಕಟ್ಟಾಗಿ ಒತ್ತಿ ಬರೆದರಾಯಿತು, ಕೆಲಸ ಮುಗಿಯಿತು. ಆದ್ದರಿಂದ ನಮ್ಮಿಬ್ಬರಿಗೂ ಎಣ್ಣೆ ಸೀಗೇಕಾಯಿ ಸಂಬಂಧ.

ನಮ್ಮ ಊರಿನ ಹಿಂದುಗಡೆ ಬೆಟ್ಟದಿಂದ ಒಂದು ಸಣ್ಣ ನದಿ ಇಳಿಯುತ್ತದೆ. ನೀರು ಮಂಜಿನಂತೆ ತಣ್ಣಗೆ. ಅದರ ಬಂಡೆಗಳ ಸಂದಿಯಲ್ಲಿ ಟ್ರೌಟ್ ಎಂಬ ಮೀನು ವಾಸವಾಗಿದೆ. ಮೈತುಂಬ ಚುಕ್ಕೆ, ತಲೆತುಂಬ ಜಂಬ. ಬೇರೆ ಮೀನಿನ ಹಾಗೆ ಎರೆಹುಳು ತೋರಿಸಿ ಕರೆದರೆ ಬರುವ ಜಾತಿಯಲ್ಲ. ಪುಕ್ಕಕ್ಕೆ ದಾರ ಸುತ್ತಿ ಒಂದು ನಕಲಿ ನೊಣ ಮಾಡಬೇಕು, ಅದನ್ನು ಗಾಳಕ್ಕೆ ಕಟ್ಟಿ ನೀರಿನ ಮೇಲೆ ಕುಣಿಸಬೇಕು, ಸೊಂಟದ ತನಕ ನೀರಿನಲ್ಲಿ ನಿಂತು ಹಲ್ಲು ಕಟಕಟಿಸಬೇಕು. ಆಗಲೂ ಅದಕ್ಕೆ ಮನಸ್ಸು ಬಂದರೆ ಬಂತು. ಇಂಥ ಮೀನಿಗೆ ಊರಿನ ಗಂಡಸರೆಲ್ಲ ಮರುಳಾಗಿ ಒಂದು ಸಂಘ ಕಟ್ಟಿಕೊಂಡಿದ್ದರು. ಸಂಘದ ಕೋಣೆಯಲ್ಲಿ ಒಂದು ದಾಖಲೆ ಫಲಕ. ಬರೆದವನು ನಾನೇ. ಮೊದಲನೆಯ ಸಾಲಿನಲ್ಲಿ ಸಂಘದ ಅಧ್ಯಕ್ಷರಾದ ಚಿನ್ನದಂಗಡಿ ಯಜಮಾನರು, ಇಪ್ಪತ್ತೆರಡು ಇಂಚು. ಆ ಮೀನಿಗೆ ಹತ್ತಿ ತುಂಬಿಸಿ ಫಲಕದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಎರಡನೆಯ ಸಾಲಿನಲ್ಲಿ ಕಾರ್ಯದರ್ಶಿ, ಇಪ್ಪತ್ತು ಇಂಚು. ಈ ಕಾರ್ಯದರ್ಶಿ ಔಷಧಿ ಅಂಗಡಿಯವರು, ಭಾವನ ಸ್ವಂತ ಅಣ್ಣ, ನಮಗೆಲ್ಲ ದೊಡ್ಡ ಭಾವ. ಅಲ್ಲಿಂದ ಕೆಳಗೆ ಹತ್ತೊಂಬತ್ತು, ಹದಿನೆಂಟೂವರೆ ಹೀಗೆ ಇಳಿಯುತ್ತ ಹೋಗುತ್ತಿತ್ತು. ಹದಿನೈದಕ್ಕಿಂತ ಚಿಕ್ಕ ಸಂಖ್ಯೆಯನ್ನು ನನ್ನ ಕುಂಚ ಆ ಫಲಕದ ಮೇಲೆ ಕಂಡೇ ಇರಲಿಲ್ಲ. ನನ್ನ ಹೆಸರೂ ಅದರಲ್ಲಿತ್ತು. ಕೆಳಗೆ ಮೂಲೆಯಲ್ಲಿ, ಬರೆದವರು ಎಂದು.

ಭಾವ ನದಿಗೆ ಇಳಿದದ್ದಕ್ಕೆ ಕಾರಣ ಮೀನಲ್ಲ, ಅಕ್ಕನ ಓರಗಿತ್ತಿ. ದೊಡ್ಡ ಭಾವ ಇಪ್ಪತ್ತು ಇಂಚಿನ ಮೀನು ಹಿಡಿದು ನಿಂತ ಫೋಟೋವನ್ನು ಆಕೆ ಬಾಗಿಲು ತೆರೆದ ಕೂಡಲೇ ಮೂಗಿಗೆ ತಾಗುವಂತೆ ತೂಗುಹಾಕಿದ್ದಳು. ಅಕ್ಕ ಹೋದಾಗಲೆಲ್ಲ "ಭಾನುವಾರ ನಿಮ್ಮನೆಯವರು ಏನ್ಮಾಡ್ತಾರೆ?" ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ಭಾನುವಾರ ಭಾವ ಮನೆಯ ಅಡುಗೆ ಚಮಚಗಳನ್ನೆಲ್ಲ ಸಾಲಾಗಿ ಇಟ್ಟು ಒಂದೊಂದರಲ್ಲೂ ಎಷ್ಟು ನೀರು ಹಿಡಿಯುತ್ತದೆಂದು ಪರೀಕ್ಷೆ ಮಾಡುತ್ತಾರೆ. ಇದನ್ನು ಓರಗಿತ್ತಿಯ ಎದುರು ಯಾವ ಹೆಂಗಸು ತಾನೇ ಹೇಳಿಯಾಳು? ಅಕ್ಕ ಒಂದು ದಿನ ನನ್ನನ್ನು ಕರೆದು, "ನೋಡೋ, ನಿಮ್ಮ ಭಾವನ್ನ ನದಿಗೆ ಕರ್ಕೊಂಡು ಹೋಗು. ಮೀನು ಸಿಗದಿದ್ರೂ ಚಿಂತೆಯಿಲ್ಲ, ಪ್ಯಾಂಟು ನೆನೆಸ್ಕೊಂಡು ಬರಲಿ" ಎಂದಳು.

ಹೀಗೆ ಒಂದು ಭಾನುವಾರ ಭಾವ ನನ್ನ ಗಾಳದ ಕೋಲು ಹಿಡಿದು ನೀರಿನಲ್ಲಿ ನಿಂತರು. ನಿಲ್ಲುವ ಮುಂಚೆ ನಕಲಿ ನೊಣವನ್ನು ಕನ್ನಡಕದ ಹತ್ತಿರ ತಂದು ತಿರುಗಿಸಿ ನೋಡಿದರು.

"ಇದೇನೋ ಇದು?"

"ನೊಣ, ಭಾವ."

"ನೊಣ ಎಲ್ಲಿದೆ? ಪುಕ್ಕ ಇದೆ. ನೊಣ ಅಂತ ತೋರಿಸಿ ಪುಕ್ಕ ಕೊಡೋದಕ್ಕೆ ನಮ್ಮ ಕಚೇರೀಲಿ ಏನಂತಾರೆ ಗೊತ್ತಾ? ಕಲಬೆರಕೆ. ಅಂಗಡಿಯವನಾಗಿದ್ರೆ ಬೀಗ ಹಾಕಿಸ್ತಿದ್ದೆ."

ಆದರೂ ಹಾಕಿದರು. ಮುಖದಲ್ಲಿ ಮಾತ್ರ ತಪ್ಪಿತಸ್ಥನ ಕಳೆ. ಬಹುಶಃ ಟ್ರೌಟ್ ಕೂಡ ಇಷ್ಟು ಪ್ರಾಮಾಣಿಕವಾದ ಮುಖವನ್ನು ನದಿಯ ಮೇಲೆ ಎಂದೂ ನೋಡಿರಲಿಲ್ಲ. ಒಂದು ಮೀನು ನೇರವಾಗಿ ಬಂದು ಕಚ್ಚಿಕೊಂಡಿತು. ನಾನು ಹನ್ನೆರಡು ವರ್ಷದಿಂದ ಆ ನೀರಿನಲ್ಲಿ ನಿಲ್ಲುತ್ತಿದ್ದೇನೆ, ನನಗೆ ಸಿಕ್ಕಿದ್ದು ಬರೀ ನೆಗಡಿ. ಭಾವನಿಗೆ ಮೊದಲ ಏಟಿಗೇ ಮೀನು!

ನದಿಗೆ ಒಂದು ನಿಯಮವಿದೆ. ಒಂಬತ್ತು ಇಂಚಿಗಿಂತ ಚಿಕ್ಕ ಮೀನನ್ನು ಮತ್ತೆ ನೀರಿಗೆ ಬಿಡಬೇಕು. ದಡದಲ್ಲಿ ಬೋರ್ಡೂ ಇದೆ, ನಾನೇ ಬರೆದದ್ದು. ಊರಿನವರು ಅದನ್ನು ಓದಿ ಮೀನನ್ನು ಒಮ್ಮೆ ನೋಡುತ್ತಾರೆ, 'ಒಂಬತ್ತಿದೆ' ಅನ್ನುತ್ತಾರೆ, ಚೀಲಕ್ಕೆ ಹಾಕುತ್ತಾರೆ. ಭಾವ ಜೇಬಿನಿಂದ ಕಚೇರಿಯ ಬಟ್ಟೆಯ ಟೇಪು ತೆಗೆದರು. ಮೀನನ್ನು ಬಲೆಯೊಳಗೆ ನೀರಿನಲ್ಲೇ ಇಟ್ಟುಕೊಂಡು ಮೂತಿಯಿಂದ ಬಾಲದ ತುದಿಯ ತನಕ ಅಳೆದರು. ಅವರ ಲೆಕ್ಕದಲ್ಲಿ ಒಂದು ಸಲ ಅಳೆದದ್ದು ಅಳತೆಯೇ ಅಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಮೂರು ಸಲವೂ ಎಂಟೂ ಮುಕ್ಕಾಲು.

"ಭಾವ, ಬಾಲ ಸ್ವಲ್ಪ ಎಳೆದು ಹಿಡಿದ್ರೆ ಒಂಬತ್ತಾಗುತ್ತೆ" ಎಂದೆ.

ಭಾವ ನನ್ನನ್ನು ನೋಡಿದ ನೋಟದಲ್ಲಿ ನನ್ನ ಅಕ್ಕನನ್ನು ಮದುವೆಯಾದದ್ದರ ಬಗ್ಗೆ ಮರುವಿಚಾರ ಇದ್ದಂತೆ ಕಂಡಿತು. ಬಲೆ ತಗ್ಗಿಸಿದರು. ಮೀನು ಹೋಯಿತು.

ಇಲ್ಲಿಯವರೆಗೆ ನಡೆದದ್ದೆಲ್ಲ ಸತ್ಯ. ಇಲ್ಲಿಂದ ಮುಂದೆಯೂ ಯಾರೂ ಸುಳ್ಳು ಹೇಳಲಿಲ್ಲ. ಆದರೂ ಊರಿಗೆ ಊರೇ ಹುಚ್ಚೆದ್ದು ಹೋಯಿತು ನೋಡಿ, ಅದೇ ವಿಚಿತ್ರ.

ಮನೆಗೆ ಬಂದು ಇನ್ನೂ ಪ್ಯಾಂಟು ಬದಲಿಸಿರಲಿಲ್ಲ, ಅಕ್ಕನಿಗೆ ಕಿಟಕಿಯ ಪರದೆ ನೆನಪಾಯಿತು. ಪರದೆ ಹಾಕುವ ಸರಳು ತುಕ್ಕು ಹಿಡಿದು ಮುರಿದಿತ್ತು, ಕಬ್ಬಿಣದಂಗಡಿ ಇನ್ನೇನು ಮುಚ್ಚುವ ಹೊತ್ತು. "ಹೋಗಿ ಅಳತೆಗೆ ಕತ್ತರಿಸ್ಕೊಂಡು ಬನ್ನಿ" ಎಂದಳು. ಭಾವ ಟೇಪು ತೆಗೆದು ಮುಟ್ಟಿ ನೋಡಿದರು. ತೊಪ್ಪೆಯಾಗಿತ್ತು.

"ಮೀನು ಅಳೆದಾಗ ಆಗಷ್ಟೇ ನೀರು ತಾಗಿತ್ತು, ಅದು ಸರಿ. ಇಷ್ಟು ಹೊತ್ತು ನೆಂದ ಟೇಪು ಹಿಗ್ಗಿರುತ್ತೆ. ಒಣಗೋ ತನಕ ಇದ್ರಲ್ಲಿ ಕಿಟಕಿ ಅಳೆಯೋದು ಅಪರಾಧ."

"ನನ್ನ ಹತ್ರ ಒಂದಿದೆ, ಭಾವ" ಎಂದು ನಾನು ಜೇಬಿನಿಂದ ತೆಗೆದೆ.

"ಅದಕ್ಕೆ ಮುದ್ರೆ ಎಲ್ಲಿ?"

ಇರಲಿಲ್ಲ. ನನ್ನ ಕಸುಬಿಗೆ ಮುದ್ರೆಯಿಲ್ಲದ ಟೇಪೇ ಅನುಕೂಲ. ಭಾವ ಒಂದು ಕ್ಷಣ ಯೋಚಿಸಿದರು. ಕಿಟಕಿಯ ಮುಂದೆ ನಿಂತು ಎರಡೂ ಕೈ ಚಾಚಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಂಗೈ ಹೊಂದಿಸಿದರು. ಉಸಿರು ಬಿಗಿಹಿಡಿದರು. ಕೈಗಳನ್ನು ಹಾಗೆಯೇ ಕಲ್ಲಾಗಿಸಿಕೊಂಡು, ಬಾಗಿಲಲ್ಲಿ ಒಂದಿಷ್ಟು ಓರೆಯಾಗಿ, ಬೀದಿಗೆ ಇಳಿದರು.

ಊಹಿಸಿಕೊಳ್ಳಿ. ಬೆಳಗ್ಗೆ ಗಾಳದ ಕೋಲು ಹಿಡಿದು ನದಿಯ ಕಡೆ ಹೋದ ಮನುಷ್ಯ. ಸಂಜೆ ಪ್ಯಾಂಟು ಸೊಂಟದ ತನಕ ಒದ್ದೆ, ಎರಡೂ ಕೈ ಇಷ್ಟಗಲ ಚಾಚಿಕೊಂಡು, ಕಣ್ಣು ಪಿಳುಕಿಸದೆ, ನಡುಬೀದಿಯಲ್ಲಿ ನಡೆಯುತ್ತಿದ್ದಾನೆ. ಕರಾರುವಾಕ್ಕು ಸಾಹೇಬರಲ್ಲದೆ ಬೇರೆ ಯಾರಾಗಿದ್ದರೂ ಜನ ನಕ್ಕು ಸುಮ್ಮನಾಗುತ್ತಿದ್ದರು.

ಎದುರು ಸಿಕ್ಕಿದವನು ದರ್ಜಿ. "ಸಾರ್, ಸಿಕ್ತಾ?" ಎಂದು ಕೇಳಿದ.

"ಹೂಂ" ಎಂದರು ಭಾವ. ಸಿಕ್ಕಿದ್ದು ನಿಜ ತಾನೇ.

"ಇಷ್ಟುದ್ದಾ?"

"ಮುಟ್ಟಬೇಡ! ಒಂದು ಕೂದಲೆಳೆ ಅಲುಗಿದ್ರೂ ಹಾಳಾಗುತ್ತೆ."

ದರ್ಜಿಗೆ ಮೈ ಜುಂ ಎಂದಿತು. ಕೊರಳಲ್ಲೇ ನೇತಾಡುತ್ತಿದ್ದ ಟೇಪನ್ನು ತೆಗೆದು ಭಾವನ ಎರಡು ಅಂಗೈಗಳ ನಡುವೆ ಎಳೆದು ಹಿಡಿದ. ಬೀದಿಯವರೆಲ್ಲ ಮುತ್ತಿದರು. "ಮೂವತ್ತೊಂದೂ ಕಾಲು!" ಎಂದು ಕೂಗಿದ. ಆ ಟೇಪಿಗೆ ಭಾವನೇ ಮುದ್ರೆ ಒತ್ತಿದ್ದರು. ಕಿಟಕಿಯ ಅಳತೆ ಸಿಕ್ಕಿದ ಸಂತೋಷದಲ್ಲಿ ಅವರು ಕೈ ಕೆಳಗಿಳಿಸಿ, "ಮೂವತ್ತೊಂದೂ ಕಾಲು ಇಂಚು. ಇದನ್ನ ನಾನು ಒಪ್ತೀನಿ" ಎಂದು ಎಲ್ಲರಿಗೂ ಕೇಳುವಂತೆ ಘೋಷಿಸಿ ಕಬ್ಬಿಣದಂಗಡಿಗೆ ಹೊರಟುಹೋದರು. ಸ್ವಲ್ಪ ಹೊತ್ತಿನ ಮೇಲೆ ಮೂವತ್ತೊಂದೂ ಕಾಲು ಇಂಚಿನ ಸರಳನ್ನು ಹೆಗಲ ಮೇಲಿಟ್ಟುಕೊಂಡು ಅದೇ ದಾರಿಯಲ್ಲಿ ವಾಪಸು ಬಂದರು. "ನೋಡ್ರಪ್ಪಾ, ಮೀನಿನ ಉದ್ದಕ್ಕೇ ಸರಳು ಕತ್ತರಿಸಿ ತಂದಿದಾರೆ, ನೆನಪಿಗೆ" ಎಂದು ಬೀದಿ ಮಾತಾಡಿಕೊಂಡಿತು.

ದೀಪ ಹಚ್ಚುವ ಹೊತ್ತಿಗೆ ಮನೆಯ ಮುಂದೆ ಚಪ್ಪಲಿಗಳ ರಾಶಿ. ಭಾವ ಹಿತ್ತಿಲಲ್ಲಿ ಟೇಪನ್ನು ಯಾವ ಕಡೆಗೂ ಎಳೆತ ಬೀಳದಂತೆ ಒಣಹಾಕುವ ಸೂಕ್ಷ್ಮ ಕೆಲಸದಲ್ಲಿದ್ದರು. ಅಕ್ಕ ಬಂದವರನ್ನು ಎದುರುಗೊಂಡಳು. ಮೊದಲು ಅವಳಿಗೆ ಏನೂ ಅರ್ಥವಾಗಲಿಲ್ಲ, ಅರ್ಥವಾದ ಮೇಲೆ ಅವಳ ಬೆನ್ನು ಎರಡು ಇಂಚು ನೆಟ್ಟಗಾಯಿತು.

"ಮೂವತ್ತೊಂದು ಇಂಚಿನ ಮೀನು ಹಿಡಿದು ಬಿಟ್ಟೇ ಬಂದ್ರಂತಲ್ಲಮ್ಮಾ!"

"ಅವರು ಹಾಗೇನೇ" ಎಂದಳು ಅಕ್ಕ.

ನಾನು ಮಧ್ಯೆ ಬಾಯಿ ಹಾಕಿದೆ. "ಅಲ್ರಪ್ಪಾ, ನಾನು ಅಲ್ಲೇ ಇದ್ದೆ. ಮೀನು ಇಷ್ಟೇ ಇತ್ತು" ಎಂದು ಗೇಣು ಹಾಕಿ ತೋರಿಸಿದೆ. ಎಲ್ಲರೂ ನನ್ನನ್ನು ಕನಿಕರದಿಂದ ನೋಡಿದರು. "ಹನ್ನೆರಡು ವರ್ಷದಿಂದ ಒಂದೂ ಸಿಗದವನಿಗೆ ಹೊಟ್ಟೆ ಉರಿಯದೆ ಇರುತ್ತಾ, ಪಾಪ" ಎಂದು ಒಬ್ಬರು ಅಂದರು. ಅಕ್ಕ ನನಗೆ ಒಳಗೆ ಹೋಗಿ ನೀರು ತರಲು ಹೇಳಿದಳು.

ಭಾವನಿಗೆ ವಿಷಯ ತಿಳಿದದ್ದು ಮರುದಿನ, ತರಕಾರಿ ಮಾರ್ಕೆಟ್ಟಿನ ತಕ್ಕಡಿ ಪರೀಕ್ಷೆಗೆ ಹೋದಾಗ. ಕಾಲಿಟ್ಟ ಕೂಡಲೇ ಚಪ್ಪಾಳೆ. ಯಾಕೆಂದು ವಿಚಾರಿಸಿ ತಿಳಿದಾಗ ಅವರ ಮುಖ ಬಿಳಿಚಿತು. ಕೈಯಲ್ಲಿದ್ದ ತೂಕದ ಕಲ್ಲನ್ನು ಕೆಳಗಿಟ್ಟು, "ಮೂವತ್ತೊಂದೂ ಅಲ್ಲ ಕಾಲೂ ಅಲ್ಲ! ಎಂಟೂ ಮುಕ್ಕಾಲು! ಎಂಟೂ ಮುಕ್ಕಾಲು ಕಣ್ರೀ!" ಎಂದು ಕಿರುಚಿದರು.

ಅಳತೆಯ ಮಾನದ ಹೆಸರಿಲ್ಲದೆ ಬರೀ ಸಂಖ್ಯೆ ಹೇಳಬಾರದು, ಕಿಲೋ ಅನ್ನಿ, ಇಂಚು ಅನ್ನಿ ಎಂದು ಇಡೀ ಮಾರ್ಕೆಟ್ಟಿಗೆ ಇಷ್ಟು ವರ್ಷ ಪಾಠ ಹೇಳಿದ ಮನುಷ್ಯ ಜೀವನದಲ್ಲಿ ಒಂದೇ ಒಂದು ಸಲ ಗಾಬರಿಯಲ್ಲಿ ಅದನ್ನು ಮರೆತರು. ತರಕಾರಿ ಮಾರುವವರಿಗೆ ಸಂಖ್ಯೆ ಅಂದರೆ ಕಿಲೋ. ಆಲೂಗಡ್ಡೆಯವಳು ತಕ್ಕಡಿಗೆ ಆಲೂಗಡ್ಡೆ ಸುರಿದು ಎಂಟೂ ಮುಕ್ಕಾಲು ಕಿಲೋ ತೂಗಿ ಎತ್ತಿ ಹಿಡಿದಳು. "ಅಬ್ಬಬ್ಬಾ! ಇಷ್ಟು ಭಾರಾನಾ ಸಾರ್?" ಎಂದಳು. ಭಾವ ಚಟಕ್ಕೆ ಬಿದ್ದು ಮುಳ್ಳು ನೋಡಿದರು.

"ಸರಿಯಾಗಿದೆ" ಅಂದುಬಿಟ್ಟರು.

ಅಲ್ಲಿಗೆ ಮೀನಿಗೆ ಉದ್ದವೂ ಆಯಿತು, ತೂಕವೂ ಆಯಿತು. ಆಮೇಲೆ ಭಾವ ಎಷ್ಟು ಬಡಕೊಂಡರೂ, "ದೊಡ್ಡವರು ಯಾವತ್ತೂ ತಮ್ಮದನ್ನ ಚಿಕ್ಕದು ಅಂತಾನೇ ಹೇಳ್ತಾರೆ" ಎಂದು ಜನ ಇನ್ನಷ್ಟು ಮೆಚ್ಚಿದರು.

ಮೆಚ್ಚದವರು ಒಬ್ಬರೇ, ಚಿನ್ನದಂಗಡಿಯ ಯಜಮಾನರು. ಅವರು ಮುಗುಳುನಗುತ್ತ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬಂದವರಿಗೆಲ್ಲ ಒಂದೇ ಮಾತು ಹೇಳಿದರು. "ನಮ್ಮ ನದೀಲಿ ನೀರಿರೋದು ಸೊಂಟದ ಮಟ್ಟ. ಮೂವತ್ತೊಂದು ಇಂಚಿನ ಮೀನಿಗೆ ಅಲ್ಲಿ ಮಗ್ಗುಲು ಬದಲಿಸೋದಕ್ಕೂ ಜಾಗ ಇಲ್ಲ. ಅಂದ ಮೇಲೆ ಕರಾರುವಾಕ್ಕು ಸುಳ್ಳು ಹೇಳಿದಾರೆ. ಮೀನು ಸುಳ್ಳಾದ್ರೆ ಅವರು ಒತ್ತಿದ ಮುದ್ರೆ ನಿಜ ಅಂತ ಹೇಗೆ ನಂಬೋದು? ನನ್ನ ತಕ್ಕಡಿಗೆ ಬೀಗ ಹಾಕಿದ್ರಲ್ಲ, ಅದು ಯಾವ ಲೆಕ್ಕ?"

ಮಾತು ಬೆಂಕಿಯಂತೆ ಹಬ್ಬಿತು. ವಾರದ ನಡುವಿಗೆ ಊರು ಎರಡು ಭಾಗವಾಯಿತು. ಬೇಳೆ ಕೊಳ್ಳಲು ಹೋದ ಹೆಂಗಸರು "ಒಂದು ಕಿಲೋ ಅಂದ್ರೆ ಯಾವ ಕಿಲೋಪ್ಪಾ? ಆ ಮೀನಿನ ಕಿಲೋನಾ?" ಎಂದು ಜಗಳ ತೆಗೆದರು. ಬಟ್ಟೆ ಅಂಗಡಿಯಲ್ಲಿ ಮೀಟರಿಗೆ ಮೀಟರು ಹೊಡೆದಾಡಿಕೊಂಡಿತು. ಹಾಲಿನವನಂತೂ ಇದೇ ಸಮಯ ಎಂದು ಅಳತೆಯ ಪಾವನ್ನೇ ಚಿಕ್ಕದು ಮಾಡಿಸಿಕೊಂಡ. ಕೊನೆಗೆ ಕಚೇರಿಯ ಮೇಲಧಿಕಾರಿಗಳು ಭಾವನನ್ನು ಕರೆಸಿದರು.

"ಏನ್ರೀ ಇದು, ಮೀನಿನ ಗಲಾಟೆ? ಭಾನುವಾರ ಸಂಘದವರು ಸಭೆ ಕರೆದಿದಾರಂತೆ. ಅಲ್ಲಿ ಇತ್ಯರ್ಥ ಮಾಡ್ಕೊಂಡು ಬನ್ನಿ. ಊರಿಗೆ ನಿಮ್ಮ ಮಾತಲ್ಲಿ ನಂಬಿಕೆ ಹೋದ್ರೆ ಆ ಮುದ್ರೆ ನಿಮ್ಮ ಕೈಯಲ್ಲಿ ಇಡೋದಕ್ಕೆ ನನಗಾಗಲ್ಲ."

ಇಪ್ಪತ್ತೆಂಟು ವರ್ಷ ಆ ಮುದ್ರೆ ಭಾವನ ಕೈಯಲ್ಲಿತ್ತು. ಅದು ಹೋದರೆ ಅವರ ಕೈ ಇದ್ದೂ ಇಲ್ಲದ ಹಾಗೆ.

ಮನೆಯಲ್ಲಿ ಇದಕ್ಕೆ ವಿರುದ್ಧವಾದ ಗಾಳಿ. ಓರಗಿತ್ತಿ ಸ್ವತಃ ಬಂದು, ಕಿಟಕಿಯ ಸರಳನ್ನು ಕಣ್ಣಿಂದಲೇ ಅಳೆದು, ಕಾಫಿಯನ್ನೂ ಪೂರ್ತಿ ಕುಡಿಯದೆ ಹೋಗಿದ್ದಳು. ಆ ಅರ್ಧ ಲೋಟ ಕಾಫಿಯನ್ನು ಅಕ್ಕ ಮೂರು ದಿನದಿಂದ ನೆನೆದು ನೆನೆದು ಸಂತೋಷಪಡುತ್ತಿದ್ದಳು.

"ಸಭೇಲಿ ನಿಜ ಹೇಳ್ತೀನಿ" ಎಂದರು ಭಾವ.

"ಹೇಳ್ಬೇಡಿ."

"ಸುಳ್ಳು ಹೇಳು ಅಂತೀಯಾ?"

"ಹೇಳಿ ಅನ್ನಲ್ಲ. ಯಾರಾದ್ರೂ ಕೇಳಿದ್ರೆ ಒಂದು ಸಲ ಹೂಂ ಅಂದ್ಬಿಡಿ. ಮೂವತ್ತು ವರ್ಷ ಆಯ್ತು ನಿಮ್ಮನ್ನ ಕಟ್ಕೊಂಡು. ಒಂದಿನ ನನ್ನ ಅಡುಗೆ ಚೆನ್ನಾಗಿದೆ ಅಂದಿಲ್ಲ ನೀವು. ಉಪ್ಪು ಕಾಲು ಚಮಚ ಕಡಿಮೆ ಅಂತೀರಿ. ಹೋಗ್ಲಿ ಅಂದ್ಕೊಂಡೆ. ಈಗ ಮೊದಲನೇ ಸಲ ಈ ಊರು ನಿಮ್ಮನ್ನ ನೋಡಿ ಬಾಯಿ ಬಿಟ್ಟಿದೆ. ಅದನ್ನ ನೀವೇ ಹೋಗಿ ಮುಚ್ಚಿಸ್ಬೇಡಿ" ಎಂದಳು ಅಕ್ಕ.

"ನಾನು ಹೂಂ ಅಂದ್ಬಿಟ್ರೆ ನಾಳೆ ಮಾರ್ಕೆಟ್ಟಲ್ಲಿ ಒಂದು ಕಿಲೋ ಅಂದ್ರೆ ಎಷ್ಟು ಅಂತ ಯಾರು ಹೇಳ್ತಾರೆ?" ಎಂದು ಭಾವ ಕೇಳಿದರು. ಅಕ್ಕ ನನ್ನನ್ನು ನೋಡಿದಳು. ನಾನು ಛಾವಣಿ ನೋಡಿದೆ.

ಭಾನುವಾರ ಸಂಘದ ಕೋಣೆಯಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳುವಂತಿರಲಿಲ್ಲ. ಮುಂದಿನ ಸಾಲಿನಲ್ಲಿ ಅಕ್ಕ ಮತ್ತು ಓರಗಿತ್ತಿ ಒಬ್ಬರಿಗೊಬ್ಬರು ಭುಜ ತಾಗಿಸಿಕೊಂಡು, ಮುಖ ಮಾತ್ರ ಬೇರೆ ಬೇರೆ ದಿಕ್ಕಿಗೆ ತಿರುಗಿಸಿಕೊಂಡು ಕೂತಿದ್ದರು. ಫಲಕಕ್ಕೆ ಹೊಸ ಸಾಲು ಬರೆಯಬೇಕಾದೀತೆಂದು ನನ್ನನ್ನೂ ಬಣ್ಣದ ಡಬ್ಬಿ ಸಮೇತ ಏಣಿಯ ಪಕ್ಕ ನಿಲ್ಲಿಸಿದ್ದರು. ಕಾರ್ಯದರ್ಶಿ ದೊಡ್ಡ ಭಾವ ತಮ್ಮನ ಮುಖ ನೋಡಲಾಗದೆ ಕಾಗದ ನೋಡುತ್ತ ಸ್ವಾಗತ ಹೇಳಿದರು. ಅಧ್ಯಕ್ಷರು ಎದ್ದು ನಿಂತರು.

"ನಮಗೆಲ್ಲ ಹೆಮ್ಮೆಯ ದಿನ. ಅಳತೆ ಕಚೇರಿಯವರು ಎಲ್ಲರ ಮುಂದೆ, ತಾವು ಒತ್ತೋ ಮುದ್ರೆಯ ಮೇಲೆ ಕೈ ಇಟ್ಟು, ತಮ್ಮ ಮೀನು ಎಷ್ಟುದ್ದ ಇತ್ತು ಅಂತ ಒಂದು ಮಾತು ಹೇಳಲಿ. ಫಲಕದ ಮೇಲೆ ಈಗಲೇ ಬರೆಸೋಣ."

ಭಾವ ಎದ್ದರು. ಅಕ್ಕನನ್ನು ಒಮ್ಮೆ ನೋಡಿದರು. ಅಕ್ಕ ನೆಲ ನೋಡಿದಳು.

"ಎಂಟೂ ಮುಕ್ಕಾಲು ಇಂಚು" ಎಂದರು ಭಾವ. ಈ ಸಲ ಇಂಚು ಮರೆಯಲಿಲ್ಲ. "ಮೂರು ಸಲ ಅಳೆದೆ. ನನ್ನ ಭಾವಮೈದುನ ಸಾಕ್ಷಿ. ಒಂಬತ್ತಕ್ಕೆ ಕಾಲು ಇಂಚು ಕಡಿಮೆ ಇತ್ತು, ನಿಯಮದ ಪ್ರಕಾರ ಬಿಟ್ಟೆ. ಮೂವತ್ತೊಂದೂ ಕಾಲು ನಮ್ಮ ಮನೆ ಕಿಟಕಿ."

ಹಿಂದಿನ ಸಾಲಿನಿಂದ ನಗು ಹೊರಟಿತು. ಅದು ಮುಂದಿನ ಸಾಲಿಗೆ ಬರುವ ಹೊತ್ತಿಗೆ ಕಿಟಕಿಯ ಗಾಜು ಅದುರುತ್ತಿತ್ತು. "ಕಿಟಕಿ ಹಿಡಿದ್ರಂತೆ!" ಎಂದು ಯಾರೋ ಕೂಗಿದರು. ಓರಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಕ್ಕು ನಕ್ಕು. ಅಕ್ಕನ ಕಿವಿ ಕೆಂಪಾಯಿತು. ನನಗೆ ಬಣ್ಣದ ಡಬ್ಬಿಯನ್ನು ಆ ಜನರ ತಲೆಯ ಮೇಲೆ ಸುರಿಯುವಷ್ಟು ಸಿಟ್ಟು ಬಂತು.

ಅಧ್ಯಕ್ಷರು ಗೆದ್ದ ಮುಖದಿಂದ ಕೈ ಎತ್ತಿ ಸಭೆಯನ್ನು ಸುಮ್ಮನಾಗಿಸಿದರು. "ಪಾಪ, ಎಂಟೂ ಮುಕ್ಕಾಲು. ಇರಲಿ. ಇಪ್ಪತ್ತೆರಡು ಅಂದ್ರೆ ಏನು ಅಂತ ಇಲ್ಲಿ ಬಂದು ನೋಡಿ" ಎಂದು ತಮ್ಮ ಗಾಜಿನ ಪೆಟ್ಟಿಗೆ ತೋರಿಸಿದರು.

ಭಾವ ಬಂದು ನೋಡಿದರು. ಬಗ್ಗಿ ನೋಡಿದರು. ಅವರ ಬಲಗೈ ತಾನಾಗಿ ಜೇಬಿಗೆ ಹೋಯಿತು. ಇದರಲ್ಲಿ ಹಗೆ ಇತ್ತೆಂದು ಯಾರೂ ತಿಳಿಯಬೇಡಿ. ಬೇರೆಯವರಿಗೆ ತುರಿಕೆ ಬಂದರೆ ಕೆರೆದುಕೊಳ್ಳುವ ಹಾಗೆ ಭಾವನಿಗೆ ಎದುರಿಗೆ ಒಂದು ಸಂಖ್ಯೆ ಕಂಡರೆ ಅಳೆಯಬೇಕು. ಅಷ್ಟೇ.

"ಪೆಟ್ಟಿಗೆ ಸ್ವಲ್ಪ ತೆಗೀತೀರಾ?"

"ಯಾಕೆ?"

"ಫಲಕದಲ್ಲಿ ಇಪ್ಪತ್ತೆರಡು ಅಂತಿದೆ. ನೋಡ್ಬಿಡೋಣ."

ಇಡೀ ಊರು ಕತ್ತು ಚಾಚಿ ನಿಂತಿರುವಾಗ ಬೇಡ ಎನ್ನುವುದು ಹೇಗೆ? ಪೆಟ್ಟಿಗೆ ತೆರೆಯಿತು. ಭಾವ ಒಣಗಿದ ಟೇಪಿನಿಂದ ಮೂತಿಯಿಂದ ಬಾಲಕ್ಕೆ ಒಂದು ಸಲ, ಎರಡು ಸಲ, ಮೂರು ಸಲ ಅಳೆದರು.

"ಹದಿನಾರೂವರೆ."

"ಅದು... ಸತ್ತ ಮೇಲೆ ಕುಗ್ಗುತ್ತೆ!" ಎಂದರು ಅಧ್ಯಕ್ಷರು.

"ಐದೂವರೆ ಇಂಚು ಕುಗ್ಗೋದಕ್ಕೆ ಅದೇನು ಉಣ್ಣೆ ಸ್ವೆಟರಾ?" ಎಂದಳು ಹಿಂದಿನಿಂದ ಆಲೂಗಡ್ಡೆಯವಳು.

ಭಾವ ತಲೆಯಾಡಿಸಿ, ಬಹಳ ಮರ್ಯಾದೆಯಿಂದಲೇ, "ಇದರಲ್ಲಿ ತೊಂದರೆ ಏನೂ ಇಲ್ಲ. ಹದಿನಾರೂವರೆ ಅಂತ ತಿದ್ದಿಸಿದ್ರಾಯ್ತು. ಆಗಲೂ ನನ್ನದಕ್ಕಿಂತ ದೊಡ್ಡದೇ. ದಾಖಲೆ ನಿಮ್ಮದೇ" ಎಂದರು.

ಅಧ್ಯಕ್ಷರು ಹದಿನಾಲ್ಕು ವರ್ಷದಿಂದ ಹೆಂಡತಿಗೆ, ಅಳಿಯಂದಿರಿಗೆ, ಅಂಗಡಿಗೆ ಬಂದ ಗಿರಾಕಿಗಳಿಗೆ ಇಪ್ಪತ್ತೆರಡು ಎಂದು ಹೇಳಿಕೊಂಡು ಬಂದವರು. ಇಪ್ಪತ್ತೆರಡರಿಂದ ಹದಿನಾರೂವರೆಗೆ ಇಳಿಯಲು ಏಣಿ ಎಲ್ಲಿದೆ? ಅವರ ಮುಖ ಊದಿತು. "ಇಪ್ಪತ್ತೆರಡು ಇಲ್ಲ ಅಂದ್ರೆ ನನ್ನ ಹೆಸರೇ ಬೇಡ. ಅಳಿಸಿ ಅದನ್ನ!" ಎಂದು ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡರು. ನಾನು ಅಳಿಸಿದೆ. ಇಷ್ಟು ಚಟುವಟಿಕೆಯಿಂದ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಭಾವ ಫಲಕದ ಎರಡನೆಯ ಸಾಲಿನ ಕಡೆ ತಿರುಗಿದರು. "ಅಣ್ಣಾ, ನಿನ್ನದು?"

"ಮೀನು ತಿಂದಾಯ್ತಲ್ಲೋ" ಎಂದರು ದೊಡ್ಡ ಭಾವ. "ಆದ್ರೆ ಫೋಟೋ ಇದೆ."

"ಫೋಟೋದಲ್ಲಿ ನೀನು ಮೀನನ್ನ ಕ್ಯಾಮೆರಾ ಕಡೆಗೆ ಚಾಚಿ ಹಿಡಿದಿದೀಯ. ಅದ್ರಲ್ಲಿ ನಿನ್ನ ಹೆಬ್ಬೆರಳು ಸೌತೆಕಾಯಿಯಷ್ಟಿದೆ. ಹೆಬ್ಬೆರಳು ಕೊಡು, ಅಳೆದು ಲೆಕ್ಕ ಹಾಕೋಣ."

ದೊಡ್ಡ ಭಾವ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡರು. "ಅಳಿಸಪ್ಪಾ" ಎಂದು ನನಗೆ ಪಿಸುಗುಟ್ಟಿದರು.

ಆಮೇಲೆ ಯಾರನ್ನೂ ಕೇಳಬೇಕಾಗಲಿಲ್ಲ. ಹತ್ತೊಂಬತ್ತರವರು ಎದ್ದು, ತಮ್ಮದು ಯಾವತ್ತೋ ನಡೆದದ್ದು, ಸರಿಯಾಗಿ ನೆನಪಿಲ್ಲ ಎಂದರು. ಹದಿನೆಂಟೂವರೆಯವರು ಅರ್ಧ ಇಂಚನ್ನು ಬಿಟ್ಟುಕೊಡಲು ಬಂದವರು ಭಾವನ ಟೇಪು ನೋಡಿ ಪೂರ್ತಿಯಾಗಿಯೇ ಬಿಟ್ಟುಕೊಟ್ಟರು. ಹದಿನೇಳರವರಿಗೆ ಅಂಗಡಿ ತೆರೆದಿಟ್ಟು ಬಂದದ್ದು ನೆನಪಾಯಿತು. ಇದ್ದ ಮೀನಿಗೆ ಇದ್ದಷ್ಟೇ ಉದ್ದ ಎಂದು ಒಬ್ಬರಾದರೂ ಹೇಳಿದ್ದರೆ ಹನ್ನೆರಡಕ್ಕೋ ಹದಿಮೂರಕ್ಕೋ ಮೊದಲ ಸ್ಥಾನದಲ್ಲಿ ನಿಲ್ಲುತ್ತಿದ್ದರು. ಒಬ್ಬರೂ ಹೇಳಲಿಲ್ಲ. ನಾನು ಏಣಿಯ ಮೇಲೆ ನಿಂತು ಮೇಲಿಂದ ಕೆಳಗೆ ಒರೆಸುತ್ತ ಬಂದೆ. ಕೊನೆಗೆ ಫಲಕದ ಮೇಲೆ ಉಳಿದದ್ದು 'ದಾಖಲೆ' ಎಂಬ ತಲೆಬರಹ, ಮೂಲೆಯಲ್ಲಿ ನನ್ನ ಹೆಸರು.

ಕಾರ್ಯದರ್ಶಿಗೆ ಫಲಕ ಖಾಲಿ ಬಿಡಲು ನಿಯಮವಿರಲಿಲ್ಲ. "ಹಾಗಾದ್ರೆ... ಹೆಸರು ಬೇಡ ಅಂದವರದ್ದನ್ನ ಬಿಟ್ಟು, ಮುದ್ರೆ ಇರೋ ಟೇಪಿನಿಂದ, ಸಾಕ್ಷಿ ಮುಂದೆ, ಅಳೆದ ಮೀನು ಈ ನದೀಲಿ ಯಾವುದಾದ್ರೂ ಇದೆಯೇ?" ಎಂದು ಸಭೆಯನ್ನು ಕೇಳಿದರು.

ಎಲ್ಲರ ತಲೆ ನಿಧಾನವಾಗಿ ಭಾವನ ಕಡೆ ತಿರುಗಿತು.

ಮೊದಲು ಚಪ್ಪಾಳೆ ತಟ್ಟಿದವಳು ಆಲೂಗಡ್ಡೆಯವಳು. ಆಮೇಲೆ ದರ್ಜಿ. ಆಮೇಲೆ ಇಡೀ ಮಾರ್ಕೆಟ್ಟು. ತನ್ನದೇ ಮರ್ಯಾದೆ ಹೋಗುವುದನ್ನು ಲೆಕ್ಕಿಸದೆ ಎಂಟೂ ಮುಕ್ಕಾಲು ಅಂದವನು ಒಂದು ಕಿಲೋ ಅಂದರೆ ಅದು ಕಿಲೋ ಅಲ್ಲದೆ ಇನ್ನೇನು? ಹಾಲಿನವನು ಮೆಲ್ಲಗೆ ಬಾಗಿಲ ಕಡೆ ಸರಿದ, ಹಳೆಯ ಪಾವನ್ನು ಹುಡುಕಲು. ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಲಧಿಕಾರಿಗಳು ಎದ್ದು ಬಂದು ಭಾವನ ಕೈ ಹಿಡಿದು, "ಮುದ್ರೆ ಜೋಪಾನವಾಗಿ ಇಟ್ಕೊಳ್ರೀ" ಎಂದರು. ಅಕ್ಕ ತಲೆ ಎತ್ತಿದಳು. ಓರಗಿತ್ತಿಯ ಕಡೆ ಪೂರ್ತಿಯಾಗಿ ತಿರುಗಿ ಕೂತು, ಬಹಳ ಮೃದುವಾಗಿ, "ಈಗ ನಿಮ್ಮನೆಯವರದು ಎಷ್ಟು ಇಂಚು ಅಂತ ಬರೀಬೇಕಂತೆ?" ಎಂದು ಕೇಳಿದಳು.

ನಾನು ಬಂಗಾರದ ಬಣ್ಣದ ಡಬ್ಬಿ ತೆರೆದೆ. ಭಾವನ ಹೆಸರು ಬರೆದೆ, ಮುಂದೆ 'ಎಂಟೂ ಮುಕ್ಕಾಲು ಇಂಚು' ಎಂದು ಬರೆದೆ. ಒಂದು ಅಕ್ಷರವನ್ನೂ ಇಕ್ಕಟ್ಟಾಗಿ ಒತ್ತಲಿಲ್ಲ. ಭಾವ ಕೆಳಗೆ ನಿಂತು ನೋಡಿ, ಸಾಲು ಎಡಕ್ಕೆ ಸ್ವಲ್ಪ ಇಳಿದಿದೆ ಎಂದರು. ಎಷ್ಟು ಇಳಿದಿದೆ ಎಂದೂ ಹೇಳಿದರು.

ಆ ದಾಖಲೆಯನ್ನು ಇಂದಿನವರೆಗೂ ಯಾರೂ ಮುರಿದಿಲ್ಲ. ಮುರಿಯುವುದು ಸುಲಭ, ಒಂಬತ್ತು ಇಂಚಿನ ಒಂದು ಮೀನು ತಂದು ಭಾವನ ಟೇಪಿನ ಮುಂದೆ ಇಟ್ಟರಾಯಿತು. ಆದರೆ ಮನೆಯಲ್ಲಿ ಇಪ್ಪತ್ತು ಇಂಚಿನ ಕಥೆ ಹೇಳಿಕೊಂಡಿರುವವನು ಒಂಬತ್ತು ಇಂಚಿನ ಮೀನು ಹಿಡಿದು ಯಾವ ಮುಖದಿಂದ ಬಂದಾನು?

ಹೋದ ತಿಂಗಳು ಹೊರಗಿನಿಂದ ಒಬ್ಬರು ಬಂದಿದ್ದರು. ದುಬಾರಿ ಗಾಳದ ಕೋಲು, ಟೋಪಿಯ ತುಂಬ ಬಣ್ಣಬಣ್ಣದ ನಕಲಿ ನೊಣ. ಸಂಘದ ಕೋಣೆಗೆ ಬಂದು ಫಲಕ ಓದಿ ಹೊಟ್ಟೆ ಹಿಡಿದು ನಕ್ಕರು. "ಎಂಟೂ ಮುಕ್ಕಾಲಾ? ನಮ್ಮೂರಲ್ಲಿ ಇದನ್ನ ಮೀನು ಅಂತಾನೇ ಅನ್ನಲ್ಲ. ನಾನೇ ಇಪ್ಪತ್ತೇಳು ಇಂಚಿನದು ಹಿಡಿದಿದೀನಿ" ಎಂದರು.

ಚಿನ್ನದಂಗಡಿಯ ಯಜಮಾನರು ಪತ್ರಿಕೆ ಓದುತ್ತಿದ್ದವರು ಅದನ್ನು ಮಡಿಸಿ ಕೆಳಗಿಟ್ಟು ಎದ್ದು ನಿಂತರು. ನಾನು ಬಣ್ಣ ಕಲಸುವುದನ್ನು ನಿಲ್ಲಿಸಿದೆ.

"ಅದು ಅಳೆದ ಮೀನು, ಸ್ವಾಮಿ" ಎಂದರು, ಎದೆ ಉಬ್ಬಿಸಿಕೊಂಡು. "ನಿಮ್ಮದನ್ನ ಅಳೆದವರು ಯಾರು?"